ಕೆಂಪಗುಡ್ಡದ ಜೋಗುಳಬಂಡಿ

ಕಳೆಗೆ ವಿಷ ಹೊಡೆಯುವ ಬದಲು ಅದರ ಬೀಜಕ್ಕೆ ನಿದ್ದೆ ಬರಿಸಿದರೆ ಹೇಗೆ ಎಂದು ಮೆಹರುನ್ನಿಸಾ ನದಾಫ್ ಮೊದಲ ಸಲ ಕೇಳಿದಾಗ ಸಭೆಯಲ್ಲಿದ್ದ ಎಂಜಿನಿಯರುಗಳೆಲ್ಲ ಗೊಳ್ಳೆಂದು ನಕ್ಕಿದ್ದರು. ಅವರನ್ನು ಬೈಯುವಂತಿಲ್ಲ. ಕಟ್ಟಡ ಕಟ್ಟುವವರಿಗೆ ಕಳೆಯೆಂದರೆ ಜೀವ ಹಿಂಡುವ ಸಂಗತಿ. ನೆಲ ಅಗೆದು ಬಿಟ್ಟು ನಾಲ್ಕು ಮಳೆ ಬಿದ್ದರೆ ಸಾಕು, ಕಾಂಗ್ರೆಸ್ ಕಸ ಎದೆಯೆತ್ತರ ನಿಂತುಬಿಡುತ್ತದೆ. ತೋಡಿದ ಗುಂಡಿ ಕಾಣುವುದಿಲ್ಲ, ಗುಂಡಿಯೊಳಗಿನ ಹಾವೂ ಕಾಣುವುದಿಲ್ಲ. ಪಾಯದ ಸಂದಿಗೆ ಬೇರು ಹೊಗುತ್ತದೆ, ಬೇಸಿಗೆಯಲ್ಲಿ ಒಣಗಿ ನಿಂತದ್ದು ಒಂದು ಬೀಡಿಯ ಕಿಡಿಗೆ ಹೊತ್ತಿಕೊಳ್ಳುತ್ತದೆ. ವಿಷ ಬಾವಿಗಿಳಿಯುತ್ತದೆಂದು ಸರ್ಕಾರ ಅದನ್ನೂ ನಿಲ್ಲಿಸಿದ ಮೇಲಂತೂ ಎಷ್ಟೋ ಸೈಟುಗಳಲ್ಲಿ ಕಟ್ಟುವುದಕ್ಕಿಂತ ಕೀಳುವುದೇ ದೊಡ್ಡ ಕೆಲಸವಾಗಿತ್ತು. ಅಂಥ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು ಜೋಗುಳದ ಮಾತಾಡಿದರೆ ನಗದೆ ಇನ್ನೇನು ಮಾಡುತ್ತಾರೆ? ನಕ್ಕವರೇ ಮುಂದೆ ಅವಳ ಯಂತ್ರಕ್ಕಾಗಿ ಪಾಳಿ ಹಚ್ಚಿ ನಿಂತರು ಎಂಬುದು ಬೇರೆ ಮಾತು.

ಅವಳು ಹಿಡಿದ ಎಳೆ ಸರಳವಾದದ್ದು. ಮಣ್ಣಿನ ಮೇಲ್ಪದರದಲ್ಲಿ ಬಿದ್ದಿರುವ ಸಣ್ಣ ಬೀಜ ಬೆಳಕನ್ನು ಓದಬಲ್ಲದು. ಬಿಸಿಲಿನಲ್ಲಿರುವ ನಿಚ್ಚಳ ಕೆಂಪು ಬಿದ್ದರೆ ತಲೆಯ ಮೇಲೆ ಬಯಲಿದೆ, ಏಳಬಹುದು ಎಂದು ಅದಕ್ಕೆ ಅರ್ಥವಾಗುತ್ತದೆ. ದೊಡ್ಡ ಗಿಡಗಳ ಎಲೆಗಳು ಆ ಕೆಂಪನ್ನು ತಾವೇ ಕುಡಿದು, ಕಣ್ಣಿಗೆ ಕಂಡೂ ಕಾಣದಂಥ ಮಂಕುಗೆಂಪನ್ನು ಮಾತ್ರ ಕೆಳಕ್ಕೆ ಬಿಡುತ್ತವೆ. ಅದು ಬಿದ್ದರೆ ಮೇಲೆ ನೆರಳಿದೆ, ಈಗ ಎದ್ದು ಉಪಯೋಗವಿಲ್ಲ ಎಂದು ಬೀಜ ಸುಮ್ಮನೆ ಮಲಗುತ್ತದೆ. ಹಗಲೆಲ್ಲ ಅದು ಅರೆಗಣ್ಣಿನಲ್ಲಿರುತ್ತದೆ. ಏಳಬೇಕೋ ಬೇಡವೋ ಎಂಬ ತೀರ್ಮಾನ ಕತ್ತಲಾದ ಮೇಲೆ, ಅದೂ ಕೊನೆಗೆ ಕಂಡ ಬೆಳಕನ್ನು ನಂಬಿ. ಹಾಗಿದ್ದರೆ ದಿನದ ಕೊನೆಯ ಬೆಳಕನ್ನು ನಾವೇ ಕೊಟ್ಟರಾಯಿತಲ್ಲ ಎಂದು ಅವಳು ಯೋಚಿಸಿದಳು.

ಹಾಗೆ ಹುಟ್ಟಿದ್ದು ಆ ಬಂಡಿ. ಹೊತ್ತು ಮುಳುಗಿದ ಕೂಡಲೇ ಅದು ತನ್ನ ಉದ್ದನೆಯ ತೋಳು ಚಾಚಿ, ಮಂಕುಗೆಂಪು ಬೆಳಕು ಚೆಲ್ಲುತ್ತ ಸೈಟಿನ ತುಂಬ ನಿಧಾನವಾಗಿ ಓಡಾಡುತ್ತಿತ್ತು. ನೆಲದೊಳಗಿನ ಕೋಟ್ಯಂತರ ಬೀಜಗಳು ಕಾಡೇ ಬಂದು ತಲೆಯ ಮೇಲೆ ನಿಂತಿತೆಂದು ನಂಬಿ ಮಲಗುತ್ತಿದ್ದವು. ಕಾಗದದಲ್ಲಿ ಅದಕ್ಕೊಂದು ಉದ್ದುದ್ದ ಹೆಸರಿತ್ತು. ಕೆಲಸದವರು ಜೋಗುಳಬಂಡಿ ಎಂದು ಕರೆದರು, ಅದೇ ನಿಂತಿತು.

ಮೆಹರುನ್ನಿಸಾಳಿಗೆ ಈ ಹಟ ಎಲ್ಲಿಂದ ಬಂತು ಎಂದರೆ ಅಪ್ಪನ ಕುತ್ತಿಗೆಯಿಂದ ಬಂತು. ಹುಸೇನಸಾಬ ಅರಳೆ ಹಿಂಜಿ ಗಾದಿ ಹೊಲಿಯುವವನು. ಧಾರವಾಡದ ಅರ್ಧ ಊರು ಅವನ ಗಾದಿಯ ಮೇಲೆ ನಿದ್ದೆ ಮಾಡಿದೆ, ಅವನೊಬ್ಬನಿಗೆ ಮಾತ್ರ ನಿದ್ದೆ ಇರಲಿಲ್ಲ. ರೈಲುಹಳಿಯ ಪಕ್ಕದ ಅವರ ಮನೆಯ ಸುತ್ತ ಕಾಂಗ್ರೆಸ್ ಕಸ ಕಾಡಿನಂತೆ ಬೆಳೆಯುತ್ತಿತ್ತು. ಅದರ ಗಾಳಿ ಸೋಕಿ ಸೋಕಿ ಅವನ ಕುತ್ತಿಗೆ, ಮೊಣಕೈ, ಕಣ್ಣರೆಪ್ಪೆಗಳೆಲ್ಲ ದಪ್ಪಗಾಗಿ ಒಡೆದಿದ್ದವು. ರಕ್ತ ಬರುವ ತನಕ ಕೆರೆದುಕೊಳ್ಳುತ್ತಿದ್ದ ಅಪ್ಪನನ್ನು ನೋಡುತ್ತಲೇ ಅವಳು ಬೆಳೆದಳು. ತಾಯಿಯಿಲ್ಲದ ಮಗಳು, ಅಪ್ಪನ ನೋವೇ ಅವಳ ಓದಾಯಿತು.

ಬೈಪಾಸ್ ರಸ್ತೆಗಾಗಿ ಆ ಮನೆಗಳನ್ನೆಲ್ಲ ಕೆಡವಿದಾಗ ಇಡೀ ಓಣಿಯನ್ನು ಊರಾಚೆಯ ಕೆಂಪಗುಡ್ಡದ ಬುಡಕ್ಕೆ ತಂದು ಹೊಸ ಮನೆಗಳನ್ನು ಕೊಟ್ಟರು. ಗುಡ್ಡದ ನೆತ್ತಿಯಲ್ಲಿ ದೊಡ್ಡ ಆಸ್ಪತ್ರೆ ಏಳುತ್ತಿತ್ತು. ಅದಕ್ಕಾಗಿ ಗುಡ್ಡದ ಮಗ್ಗುಲನ್ನು ಕಡಿದು ಇಳಿಜಾರು ಮಾಡಿದ್ದರು. ಜೋಗುಳಬಂಡಿಯ ಮೊದಲ ದೊಡ್ಡ ಕೆಲಸವೂ ಅದೇ. ಅದು ಬಂದ ಮೇಲೆ ಗುಡ್ಡ ಬೋಳಿಸಿದ ತಲೆಯ ಹಾಗೆ ನುಣ್ಣಗಾಯಿತು, ಹುಡುಕಿದರೂ ಒಂದು ಎಳೆ ಹಸಿರಿಲ್ಲ. ಹುಸೇನಸಾಬನ ಚರ್ಮ ಎಷ್ಟೋ ವರ್ಷಗಳ ಮೇಲೆ ಮಾಯಿತು. ಸಂಜೆ ಅಂಗಿಯ ಗುಂಡಿ ಬಿಚ್ಚಿ ಕಟ್ಟೆಯ ಮೇಲೆ ಹಾಯಾಗಿ ಗಾಳಿಗೆ ಕುಳಿತ ಅಪ್ಪನನ್ನು ನೋಡಿದಾಗ ಮೆಹರುನ್ನಿಸಾಳ ಕಣ್ಣು ತುಂಬಿ ಬರುತ್ತಿತ್ತು. ಅವಳಿಗೆ ಬಂದ ಪ್ರಶಸ್ತಿಗಳು ಈ ಒಂದು ನೋಟದ ಮುಂದೆ ಲೆಕ್ಕಕ್ಕಿರಲಿಲ್ಲ.

ಹುಸೇನಸಾಬನದು ಒಂದೇ ತಕರಾರು. ರೊಟ್ಟಿಯ ಜೊತೆ ಹಸಿಯಾಗಿ ಕಡಿಯಲು ಹತ್ತರಕಿ ಸೊಪ್ಪು ಸಿಗುತ್ತಿಲ್ಲವೆಂದು ಗೊಣಗುತ್ತಿದ್ದ. ಹತ್ತರಕಿಯೂ ತಾನಾಗಿ ಹುಟ್ಟುವ ಕಸವೇ ತಾನೆ, ಅದೂ ಉಳಿದವುಗಳ ಜೊತೆ ಮಲಗಿತ್ತು.

"ನಿನ್ನ ಬಂಡಿಗೆ ಒಂಚೂರು ಬುದ್ಧಿ ಹೇಳವಾ," ಎನ್ನುತ್ತಿದ್ದ ಮಗಳಿಗೆ. "ಹತ್ತರಕಿ ಒಂದು ಬಿಟ್ಟು ಉಳದದ್ದು ಮಲಗಸು ಅಂತ."

ಆ ವರ್ಷ ಖಂಡೇನವಮಿ ಬಂತು. ಆಯುಧಪೂಜೆಯ ಆ ದಿನ ಈ ಸೀಮೆಯಲ್ಲಿ ಸ್ಕ್ರೂಡ್ರೈವರಿಗೂ ಕುಂಕುಮ ಬೀಳುತ್ತದೆ, ಜೋಗುಳಬಂಡಿಯನ್ನು ಬಿಟ್ಟಾರೆಯೇ? ಬಂಡಿ ಓಡಿಸುವ ಯಮನೂರಪ್ಪ ಅದನ್ನು ಮನೆಮಗಳಂತೆ ನೋಡಿಕೊಳ್ಳುತ್ತಿದ್ದವನು. ಮುಸ್ಸಂಜೆಯ ಪಾಳಿ ಮುಗಿಸಿದವನೇ ಅದನ್ನು ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿದ. ಬಂಡಿಯ ಬೆಳಕು ಕೆಂಪಲ್ಲವೇ, ಅದಕ್ಕೆ ಒಪ್ಪಲಿ ಎಂದು ಪೇಟೆಯೆಲ್ಲ ಹುಡುಕಿ ಕೆಂಪು ಬಲ್ಬಿನ ಸೀರಿಯಲ್ ಸೆಟ್ಟುಗಳನ್ನೇ ತಂದು ತೋಳಿನುದ್ದಕ್ಕೂ ಸುತ್ತಿದ್ದ. ಪೂಜೆಯಾದ ಮೇಲೆ ಗಾಡಿ ನಿಂಬೆಹಣ್ಣು ತುಳಿದು ಒಂದು ಸುತ್ತು ಹೋಗಲೇಬೇಕು. ಹಲಗಿ ಬಾರಿಸುತ್ತ, ಹೆಜ್ಜೆಗೊಮ್ಮೆ ನಿಲ್ಲುತ್ತ, ಗುಡ್ಡದ ನೆತ್ತಿಯಿಂದ ಓಣಿಯವರೆಗೆ ಬಂಡಿಯನ್ನು ಮೆರವಣಿಗೆಯಲ್ಲಿ ಇಳಿಸಿದರು. ಇಳಿಜಾರೆಲ್ಲ ಆ ದಾರಿಯುದ್ದಕ್ಕೂ ಕೆಂಪಾಗಿ ಬೆಳಗಿತು. ಮೆಹರುನ್ನಿಸಾಳೂ ಅಲ್ಲಿದ್ದಳು, ಚುರಮರಿ ಬತ್ತಾಸು ಉಡಿತುಂಬ ಇಸಿದುಕೊಂಡು ತಿಂದಳು. ಬೀಜಗಳು ಈವೊತ್ತು ಕೊನೆಗೆ ಕಂಡ ಬೆಳಕು ಯಾವುದು ಎಂದು ಅವಳಿಗೂ ಹೊಳೆಯಲಿಲ್ಲ. ಯಂತ್ರದ ಪರೀಕ್ಷೆ ಬೇರೆ ಬೇರೆ ದೇಶಗಳಲ್ಲಿ ನಡೆದಿತ್ತು. ಎಲ್ಲಿಯೂ ಯಾರೂ ಅದಕ್ಕೆ ಪೂಜೆ ಮಾಡಿ ಮೆರವಣಿಗೆ ತೆಗೆದಿರಲಿಲ್ಲ.

ಸ್ವಲ್ಪ ದಿನಗಳಲ್ಲಿ ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಿಂದ ಫೋನು ಬಂತು. ಅಲ್ಲಿಯ ದೊಡ್ಡ ಪರದೆಯ ಮೇಲೆ ಮಲಗಿದ ನೆಲ ಕಂದು ಬಣ್ಣವಾಗಿಯೂ ಎಚ್ಚರಗೊಂಡ ನೆಲ ಹಸಿರಾಗಿಯೂ ಕಾಣುತ್ತಿತ್ತು. ಹಸಿರು ಕಂಡರೆ ಲೋಪ. ಕೊಠಡಿಯ ಮುಖ್ಯಸ್ಥ ಪ್ರಮೋದ ಹೆಬ್ಬಳ್ಳಿ ಶಿಸ್ತಿನ ಮನುಷ್ಯ, ಬಾಯಿ ಮಾತ್ರ ಸ್ವಲ್ಪ ಜೋರು. ಕೆಂಪಗುಡ್ಡದ ಮೇಲಿಂದ ಕೆಳಗಿನವರೆಗೆ ಯಾರೋ ಪೆನ್ನಿನಿಂದ ಗೀಟು ಎಳೆದಂತೆ ಹಸಿರು ಪಟ್ಟಿ ಮೂಡಿದೆ, ಇದೇನು ತಮಾಷೆ ಎಂದು ಅವರು ಕೇಳಿದರು. ಮೆಹರುನ್ನಿಸಾ ಗುಡ್ಡಕ್ಕೆ ಹೋಗಿ ಪಟ್ಟಿಯ ಜಾಡು ಹಿಡಿದು ನಡೆದಳು. ಅರ್ಧ ದಾರಿಯಲ್ಲಿ ಬಾಡಿದ ಚೆಂಡುಹೂವು ಸಿಕ್ಕಿತು. ಅಲ್ಲಿಯೇ ನಿಂತು ನಕ್ಕುಬಿಟ್ಟಳು. ಖಂಡೇನವಮಿಯ ಹಿಂದಿನ ದಿನ ಹನಿ ಬಿದ್ದು ನೆಲ ತೇವವಾಗಿತ್ತು, ಬಲ್ಬುಗಳ ನಿಚ್ಚಳ ಕೆಂಪು ಕಂಡ ಬೀಜಗಳು ಆ ರಾತ್ರಿಯೇ ಹೊರಟುಬಿಟ್ಟಿದ್ದವು. ಒಳಗೆ ಮೊಳಕೆ ಒಮ್ಮೆ ಹೊರಟಿತೆಂದರೆ ಆಮೇಲೆ ಅದು ಯಾವ ಜೋಗುಳವನ್ನೂ ಕೇಳುವುದಿಲ್ಲ. ಯಮನೂರಪ್ಪ ಮುಖ ಸಣ್ಣದು ಮಾಡಿಕೊಂಡು ನಿಂತ. ಅವಳು ಅವನನ್ನು ಗದರಲಿಲ್ಲ, ಮರುದಿನ ಆಳು ಹಚ್ಚಿ ಕೀಳಿಸಿದರಾಯಿತು ಎಂದಳು.

ಕೀಳುವ ಕೆಲಸ ಆಗಲಿಲ್ಲ. ಆ ಸಂಜೆಯೇ ಆಕಾಶ ಹರಿದು ಬಿದ್ದಂಥ ಮಳೆ ಬಂತು.

ಬೆಳಗಾದಾಗ ಓಣಿಯ ಹಿತ್ತಿಲ ಬಾಗಿಲುಗಳಲ್ಲೆಲ್ಲ ಮೊಣಕಾಲುದ್ದ ಕೆಸರು. ಅಡುಗೆಮನೆಯ ಪಾತ್ರೆಗಳು ಕೆಂಪು ರಾಡಿಯಲ್ಲಿ ಹೂತಿದ್ದವು, ಒಂದು ಮನೆಯ ಹಿಂಗೋಡೆ ಬಿರುಕು ಬಿಟ್ಟಿತ್ತು. ಹುಸೇನಸಾಬನ ಅರಳೆ ಮೂಟೆಗಳು ನೆನೆದು ಕಲ್ಲಾಗಿದ್ದವು. ತಲೆಯೆತ್ತಿ ನೋಡಿದರೆ ಗುಡ್ಡದ ನುಣುಪು ಮಗ್ಗುಲಿನ ತುಂಬ ಕೊರಕಲುಗಳು. ಆ ಹಸಿರು ಪಟ್ಟಿಯೊಂದು ಮಾತ್ರ ಇದ್ದ ಹಾಗೇ ಇತ್ತು, ಅದರ ನೇರಕ್ಕೆ ಕೆಳಗಿದ್ದ ಎರಡು ಮನೆಗಳಿಗೆ ಕೆಸರು ಹೊಕ್ಕಿರಲಿಲ್ಲ.

ಮೆಹರುನ್ನಿಸಾ ಪಟ್ಟಿಯ ಅಂಚಿನಲ್ಲಿ ಮೊಣಕಾಲೂರಿ ಕುಳಿತು ಒಂದು ಎಳೆ ಹುಲ್ಲನ್ನು ಕಿತ್ತಳು. ಬೆರಳುದ್ದದ ಹುಲ್ಲು. ಅದರ ಬೇರಿಗೆ ಹಿಡಿ ಮಣ್ಣು ಗಟ್ಟಿಯಾಗಿ ಅಂಟಿಕೊಂಡು ಬಂತು, ಕೊಡವಿದರೂ ಉದುರಲಿಲ್ಲ. ಪಕ್ಕದಲ್ಲಿ ಕಾಂಗ್ರೆಸ್ ಕಸದ ಸಸಿ ಎಲೆಗಳನ್ನು ನೆಲಕ್ಕೆ ಅವುಚಿ ಹರಡಿಕೊಂಡಿತ್ತು, ಮಳೆಹನಿಯ ಪೆಟ್ಟೆಲ್ಲ ತಾನು ತಿಂದು ಕೆಳಗಿನ ಮಣ್ಣನ್ನು ಕಾಯ್ದಿತ್ತು. ಎಳವೆಯಿಂದ ಹಗೆ ಸಾಧಿಸಿದ ಗಿಡ ಅದು. ಅದನ್ನೇ ನೋಡುತ್ತ ಅವಳಿಗೆ ಬೆರಗಾಯಿತು, ಬೆರಗಿನ ಹಿಂದೆಯೇ ನಾಚಿಕೆಯೂ ಬಂತು. ಗಾಯವಾದ ನೆಲ ತನಗೆ ತಾನೇ ಎಳೆದುಕೊಳ್ಳುವ ಮೊದಲ ಹೊದಿಕೆ ಇದು. ಗಾದಿಯವನ ಮಗಳಾಗಿ ಅವಳು ಹೊದಿಕೆಯನ್ನೇ ಕಸಿದುಕೊಂಡಿದ್ದಳು.

ಅದೇ ಹೊತ್ತಿಗೆ ಹವಾಮಾನದವರ ಸೂಚನೆ ಬಂತು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತವೊಂದು ಕಟ್ಟಿಕೊಳ್ಳುತ್ತಿದೆ, ದೀಪಾವಳಿಯ ಹೊತ್ತಿಗೆ ಇದಕ್ಕಿಂತ ಎಷ್ಟೋ ಪಟ್ಟು ಜೋರಿನ ಮಳೆ ಬರಲಿದೆ. ತಡೆಗೋಡೆ ಕಟ್ಟಲು ತಿಂಗಳುಗಳು ಬೇಕು. ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಗಾಳಿಗೆ ನಿಲ್ಲುವುದಿಲ್ಲ. ಜನರನ್ನು ಮಳೆ ಮುಗಿಯುವ ತನಕ ಶಾಲೆಗೆ ಸಾಗಿಸಬಹುದು, ಮನೆಗಳನ್ನು ಎಲ್ಲಿಗೆ ಸಾಗಿಸುವುದು? ರೈಲುಹಳಿಯ ಪಕ್ಕದಿಂದ ಒಮ್ಮೆ ಎದ್ದು ಬಂದವರು, ಇನ್ನೊಮ್ಮೆ ಏಳುವ ಶಕ್ತಿ ಆ ಓಣಿಗೆ ಇರಲಿಲ್ಲ.

ಅವಳು ನೇರ ಹುಬ್ಬಳ್ಳಿಗೆ ಹೋಗಿ ಹೆಬ್ಬಳ್ಳಿಯವರ ಮುಂದೆ ಕುಳಿತಳು. ಇಡೀ ಇಳಿಜಾರಿಗೆ ಮುಸ್ಸಂಜೆಯ ಮೇಲೆ ನಿಚ್ಚಳ ಕೆಂಪು ಬೆಳಕು ಕೊಟ್ಟು ಇದ್ದಬದ್ದ ಬೀಜವನ್ನೆಲ್ಲ ಎಬ್ಬಿಸಬೇಕು, ಚಂಡಮಾರುತ ಬರುವುದರೊಳಗೆ ಗುಡ್ಡ ಹಸಿರಾಗಬೇಕು ಎಂದಳು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಇಡೀ ದೇಶ ನೋಡುತ್ತಿರುವ ಯೋಜನೆ ಇದು, ಯಂತ್ರ ಮಾಡಿದವಳೇ ಅದು ಸೋತಿತೆಂದು ಸಾರಿದ ಹಾಗಾಗುತ್ತದೆ ಎಂದು ಅರ್ಧ ತಾಸು ವಾದಿಸಿದರು. ಅವಳು ಸುಮ್ಮನೆ ಪರದೆಯ ಮೇಲಿನ ಕೊರಕಲುಗಳನ್ನು ತೋರಿಸಿದಳು. ಕಡೆಗೆ ಅವರ ದನಿ ತಗ್ಗಿತು.

"ಎಬ್ಬಿಸಿದ್ರ ಮೊದಲು ಏಳೂದು ಯಾವುದು, ನಿಮಗ ಗೊತ್ತೈತಿ."

"ಗೊತ್ತೈತ್ರಿ ಸರ್. ಕಾಂಗ್ರೆಸ್ ಕಸ."

"ನಿಮ್ಮ ತಂದಿಯವರು ಅದ ಗುಡ್ಡದ ಬುಡಕ ಅದಾರಲ್ರಿ?"

ಹೆಬ್ಬಳ್ಳಿಯವರು ಒಪ್ಪಿಗೆ ಕೊಡಲಿಲ್ಲ, ಯೋಚಿಸಿ ಹೇಳುತ್ತೇನೆ ಎಂದಷ್ಟೇ ಹೇಳಿ ಕಳಿಸಿದರು.

ಮನೆಗೆ ಬಂದಾಗ ಹುಸೇನಸಾಬ ಅಂಗಳದಲ್ಲಿ ನೆನೆದ ಅರಳೆಯನ್ನು ಹರಡಿ ಬಿಸಿಲಿಗೆ ಒಣಗಿಸುತ್ತಿದ್ದ. ಕುತ್ತಿಗೆ ನುಣ್ಣಗೆ, ಹೊಸ ಚರ್ಮದ ತಿಳಿಬಣ್ಣದಲ್ಲಿ ಕಾಣುತ್ತಿತ್ತು. ಅವಳು ಪಕ್ಕದಲ್ಲಿ ಕುಳಿತು ಅರಳೆ ಬಿಡಿಸುತ್ತ ಎಲ್ಲವನ್ನೂ ಹೇಳಿದಳು. ಹೂ ಬಿಡುವ ಮೊದಲೇ ಕಾಂಗ್ರೆಸ್ ಕಸವನ್ನು ಕೀಳಿಸುವುದಾಗಿ, ಆದರೂ ಎಲ್ಲವೂ ಸಿಗಲಿಕ್ಕಿಲ್ಲವೆಂದು, ಅಷ್ಟು ದಿನ ಅವನು ಗದಗಿನ ಅತ್ತೆಯ ಮನೆಗೆ ಹೋಗಿರಬೇಕೆಂದು ಹೇಳಿದಳು. ಇಡೀ ಜನ್ಮದಲ್ಲಿ ಅಪ್ಪನಿಗೆ ತಾನು ಕೊಟ್ಟದ್ದು ಇದೊಂದೇ, ಅದನ್ನು ತಾನೇ ತಿರುಗಿ ಕೇಳುತ್ತಿದ್ದೇನೆ ಎನಿಸಿತು.

ಹುಸೇನಸಾಬ ಕೈಯಲ್ಲಿದ್ದ ಅರಳೆಯನ್ನು ಕೆಳಗಿಟ್ಟ. ಆಮೇಲೆ ಓಣಿಯ ಕಡೆ, ಕೆಸರು ಎತ್ತಿ ಹಾಕುತ್ತಿದ್ದ ನೆರೆಯವರ ಕಡೆ ನೋಡಿದ.

"ಕುತ್ತಿಗಿ ನನ್ನೊಬ್ಬಂದವಾ," ಎಂದ. "ಗ್ವಾಡಿ ಎಲ್ಲಾರ್ದು. ಗದಗಿಗೆ ನಾ ಹೋಗಾಂವಲ್ಲ. ಕಸ ಕೀಳಾಕ ಕೈಗೆ ಹಾಕ್ಕೊಳ್ಳೂ ಚೀಲ ಬೇಕಲ್ಲ ಮಂದಿಗೆ, ಬರೆಗೈಲೆ ಮುಟ್ಟಿದ್ರ ನನ್ನಂಗ ಆಗ್ತಾರ. ಗಾದಿ ಅರಿವಿ ದಪ್ಪ ಇರ್ತೈತಿ, ನಾ ಹೊಲೀತೀನಿ."

ಹೆಬ್ಬಳ್ಳಿಯವರ ಒಪ್ಪಿಗೆಗೆ ಅವಳು ಕಾಯಲಿಲ್ಲ. ಇನ್ನು ಬೆಳಕಿನ ಚಿಂತೆ. ಬಂಡಿಯಲ್ಲಿದ್ದ ದೀಪಗಳೆಲ್ಲ ಮಂಕುಗೆಂಪಿನವು, ಬೇರೆ ದೀಪ ತರಿಸಲು ಹೊತ್ತಿರಲಿಲ್ಲ. ಯಮನೂರಪ್ಪನೇ ಮನೆ ಮನೆಗೆ ಹೋಗಿ ದೀಪಾವಳಿಗೆಂದು ತಂದಿಟ್ಟ ಕೆಂಪು ಸೀರಿಯಲ್ ಸೆಟ್ಟುಗಳನ್ನು ಕೇಳಿದ. ಒಂದು ಓಣಿಯದು ಸಾಲದೆಂದು ಪಕ್ಕದ ಓಣಿಗೂ ಹೋದ, ಮದುವೆ ಹಂದರ ಹಾಕುವವರ ಅಂಗಡಿಗೂ ಹೋದ. ಮೊದಲ ಸಂಜೆ ಗುಡ್ಡದ ಮೇಲೆ ಗಂಡಸರು ಹೆಂಗಸರೆನ್ನದೆ ಇಡೀ ಓಣಿ ಸೇರಿತ್ತು. ಬಿದಿರು ಗಳಗಳಿಗೆ ಬಲ್ಬಿನ ಸರ ಕಟ್ಟಿ, ಇಬ್ಬಿಬ್ಬರು ಒಂದೊಂದು ಗಳ ಹಿಡಿದು ಇಳಿಜಾರಿನ ಮೇಲೆ ಅಂಗುಲ ಅಂಗುಲವಾಗಿ ನಡೆದರು.

ಅಷ್ಟರಲ್ಲಿ ಕೆಳಗೆ ಕಾರೊಂದು ಬಂದು ನಿಂತಿತು. ಪ್ರಮೋದ ಹೆಬ್ಬಳ್ಳಿ ಇಳಿದು, ಎಲ್ಲರನ್ನೂ ಬಾಯಿಗೆ ಬಂದಂತೆ ಬೈಯುತ್ತಲೇ ಗುಡ್ಡ ಹತ್ತಿದರು. ಯಾರ ಅಪ್ಪಣೆ, ಯಾವ ನಿಯಮ, ನಾಳೆ ಮೇಲಿನವರಿಗೆ ಏನು ಹೇಳಲಿ ಎಂದೆಲ್ಲ ಕೂಗಾಡಿದರು. ಅವರ ಬಗಲಲ್ಲಿ ಒಂದು ಚೀಲವಿತ್ತು. ಉಸಿರು ಬಿಡುತ್ತ ಅದನ್ನು ಮೆಹರುನ್ನಿಸಾಳ ಕೈಗೆ ಕೊಟ್ಟರು. ಅವರ ಮನೆಯ ಆಕಾಶಬುಟ್ಟಿಯ ಕೆಂಪು ಬಲ್ಬುಗಳು.

"ಪರದಿ ಮ್ಯಾಲಿನ ಹಸಿರಿಗೆ ನಾ ಉತ್ತರಾ ಕೊಡ್ತೀನಿ," ಎಂದರು. "ನೀವು ಗುಡ್ಡಾ ನೋಡ್ಕೋರಿ."

ದಿನಾ ಮುಸ್ಸಂಜೆ ಹಾಗೆಯೇ ನಡೆಯಿತು. ನೆಲ ಒಣಗದಂತೆ ಹಗಲು ಟ್ಯಾಂಕರಿನಿಂದ ನೀರು ಚಿಮುಕಿಸಿದರು. ಬೀಜಗಳು ಯಾರಿಗೂ ಮೋಸ ಮಾಡಲಿಲ್ಲ. ಮೊದಲು ಒಂದು ಹಸಿರು ಛಾಯೆ, ಹೌದೋ ಅಲ್ಲವೋ ಎನ್ನುವಂಥದು. ಆಮೇಲೆ ನೋಡನೋಡುತ್ತಿದ್ದಂತೆ ಗುಡ್ಡಕ್ಕೆ ತುಪ್ಪಳ ಬಂತು. ಹಿಂದೆ ಅಲ್ಲಿ ದನ ಮೇಯುತ್ತಿದ್ದ ಕಾಲದ ಹುಲ್ಲುಗಳೆಲ್ಲ ಎಲ್ಲಿ ಅಡಗಿದ್ದವೋ, ಒಂದೊಂದಾಗಿ ಎದ್ದು ನಿಂತವು. ತುಂಬೆ ಬಂತು. ಎಲ್ಲಕ್ಕಿಂತ ಜೋರಾಗಿ, ನಿರೀಕ್ಷೆಯ ಹಾಗೆಯೇ, ಕಾಂಗ್ರೆಸ್ ಕಸ ಬಂತು. ಇಷ್ಟು ಕಾಲ ಸುಳ್ಳು ಬೆಳಕಿಗೆ ಮಲಗಿಯೂ ಜೀವ ಹಿಡಿದುಕೊಂಡಿದ್ದ ಈ ಕಾಳಿಗಿಂತ ಸಣ್ಣ ವಸ್ತುಗಳ ಗಟ್ಟಿತನಕ್ಕೆ ಮೆಹರುನ್ನಿಸಾ ಮನಸ್ಸಿನಲ್ಲಿಯೇ ಕೈ ಮುಗಿದಳು.

ಚಂಡಮಾರುತ ಹೇಳಿದ ಹೊತ್ತಿಗೆ ಬಂತು. ಓಣಿಯವರೆಲ್ಲ ಶಾಲೆಯಲ್ಲಿದ್ದರು. ಅವಳು ನಿಯಂತ್ರಣ ಕೊಠಡಿಯಲ್ಲಿ ಹೆಬ್ಬಳ್ಳಿಯವರ ಪಕ್ಕದಲ್ಲಿ ಕುಳಿತು ಗುಡ್ಡದಲ್ಲಿ ನೆಟ್ಟ ಅಳತೆಗೂಟಗಳ ಸುದ್ದಿಯನ್ನು ಪರದೆಯ ಮೇಲೆ ನೋಡುತ್ತಿದ್ದಳು. ಮಣ್ಣು ಸರಿದರೆ ಆ ಜಾಗದಲ್ಲಿ ಕೆಂಪು ಚುಕ್ಕೆ ಮಿನುಗುತ್ತದೆ. ಮಧ್ಯಾಹ್ನದಿಂದ ಸುರಿದ ಮಳೆ ಸಂಜೆಗೂ ನಿಲ್ಲಲಿಲ್ಲ. ಮೂಲೆಯೊಂದರಲ್ಲಿ, ಬಲ್ಬಿನ ಸರ ಸಾಲದೆ ಬಿಟ್ಟಿದ್ದ ಕಡೆ, ಕೆಂಪು ಚುಕ್ಕೆಗಳು ಒಂದರ ಹಿಂದೊಂದು ಹೊತ್ತಿದವು. ಅಲ್ಲಿ ಮಣ್ಣು ಜಾರಿ ಒಂದು ಕಂಪೌಂಡು ಗೋಡೆಯನ್ನು ಕೆಡವಿ ನಿಂತಿತು. ಉಳಿದಷ್ಟು ಗುಡ್ಡ ಹಸಿರಾಗಿಯೇ ಇತ್ತು. ಲೋಪವೆಂದು ಇಷ್ಟು ದಿನ ಬೈಸಿಕೊಂಡ ಆ ಬಣ್ಣವನ್ನು ಇಬ್ಬರೂ ಕಣ್ಣು ಕೀಳದೆ ನೋಡುತ್ತ ಕುಳಿತರು. ಮಳೆ ಹಳ್ಳವಾಗಿ ಹರಿದುಹೋಯಿತು, ಮನೆಗಳು ಉಳಿದವು.

ಮಳೆ ನಿಂತು ಬಿಸಿಲು ಬಿದ್ದ ಮೇಲೆ ಓಣಿಯವರು ಹುಸೇನಸಾಬ ಹೊಲಿದ ಪಟ್ಟೆಪಟ್ಟೆಯ ಗಾದಿ ಬಟ್ಟೆಯ ಕೈಗವಸು ತೊಟ್ಟು ಗುಡ್ಡ ಹತ್ತಿದರು. ಹುಲ್ಲು ಬಿಟ್ಟು, ತುಂಬೆ ಬಿಟ್ಟು, ಹೂವಿಗೆ ಬಂದಿರದ ಕಾಂಗ್ರೆಸ್ ಕಸವನ್ನು ಮಾತ್ರ ಬೇರುಸಹಿತ ಕಿತ್ತರು. ಕೊರಕಲುಗಳ ಒಳಗೆ ಕೈ ಹೋಗದ ಕಡೆ ಕೆಲವು ಉಳಿದವು, ಉಳಿದವು ಹೂ ಬಿಟ್ಟವು. ಪಾಯದ ಗುಂಡಿಗಳ ಬೀಜ ಮಲಗಿರಬೇಕು, ಇಳಿಜಾರಿನವು ಎದ್ದಿರಬೇಕು ಎಂಬ ಹೊಸ ನಿಯಮ ಕೊಠಡಿಯಿಂದ ಹೊರಟು ಎಲ್ಲ ಸೈಟುಗಳಿಗೂ ಹೋಯಿತು. ಅದಕ್ಕೆ ಮೊದಲ ರುಜು ಹೆಬ್ಬಳ್ಳಿಯವರದು.

ಒಂದು ಸಂಜೆ ಮೆಹರುನ್ನಿಸಾ ಮನೆಗೆ ಬರುವಾಗ ಹುಸೇನಸಾಬ ಕಟ್ಟೆಯ ಮೇಲೆ ಊಟಕ್ಕೆ ಕುಳಿತಿದ್ದ. ಯಮನೂರಪ್ಪನ ಬಂಡಿ ಪಾಳಿಗೆ ಹೊರಟಿತ್ತು. ಇಳಿಜಾರಿನ ಬುಡಕ್ಕೆ ಬಂದಾಗ ಅವನು ದೀಪ ಆರಿಸಿ, ಕತ್ತಲಲ್ಲಿ ಅದನ್ನು ದಾಟಿ ಆಚೆ ಹೋದ. ಹುಸೇನಸಾಬನ ಕುತ್ತಿಗೆಗೆ ಒದ್ದೆ ಬಟ್ಟೆ ಸುತ್ತಿತ್ತು. ಬಂಡಿಯನ್ನೇ ನೋಡುತ್ತ ಅವನು ಬಟ್ಟೆಯ ಕೆಳಗೆ ಬೆರಳು ತೂರಿಸಿ ಕೆರೆದುಕೊಳ್ಳುತ್ತಿದ್ದ. ಮಗಳು ನೋಡಿದಳೆಂದು ತಿಳಿದ ಕೂಡಲೇ ಕೈಯನ್ನು ಕೆಳಗಿಳಿಸಿ, ತಾಟಿನಿಂದ ಹಸಿರು ಎಲೆಯೊಂದನ್ನು ಎತ್ತಿ ರೊಟ್ಟಿಯಲ್ಲಿ ಸುತ್ತಿದ. ಗುಡ್ಡದ ಹತ್ತರಕಿ.

"ಕುಂದರ ಬಾ," ಎಂದು ಆ ತುತ್ತನ್ನು ಅವಳ ಕಡೆ ಚಾಚಿದ. "ಇಷ್ಟ ದಿನಾ ಮಲಗಿದ್ದರೂ ರುಚಿ ಹಂಗ ಐತಿ ನೋಡು."

ಅವಳು ಪಕ್ಕದಲ್ಲಿ ಕುಳಿತು, ಅಪ್ಪನ ಕೈಯಿಂದಲೇ ಅದನ್ನು ತಿಂದಳು.